ಅರ್ಧ ಮನೆಗೆ ಬಂದ ಗೌರವ

ಪಿಟ್‌ಲಾರ್ನಿ, ಫೈಫ್
೩ ಮಾರ್ಚ್ ೧೯೭೨

ಪ್ರೀತಿಯ ತಮ್ಮ ಗ್ರೆಗರ್‌ಗೆ,

ನಿನ್ನ ಮೊಣಕಾಲು ಈಗ ಹೇಗಿದೆ? ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಮುಗಿದಿರಬೇಕು, ಇನ್ನಾದರೂ ನಾಲ್ಕು ದಿನ ಕೂತುಕೋ. ನ್ಯೂಜಿಲೆಂಡಿನ ಸೆಕೆಯ ಬಗ್ಗೆ ನೀನು ಬರೆದದ್ದನ್ನು ನಾನು ಕೈಗವಸು ತೆಗೆಯದೆ ಓದಿದೆ. ನಾನು ಚೆನ್ನಾಗಿದ್ದೇನೆ. ಇಶ್ಬೆಲ್ ಕೂಡ ಚೆನ್ನಾಗಿದ್ದಾಳೆ, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚಾಗಿಯೇ.

ವಿಷಯ ಇಷ್ಟು. ಅಪ್ಪ ನಡುಗೋಡೆ ಹಿಡಿದು ನಮ್ಮಿಬ್ಬರಿಗೆ ಪಾಲು ಮಾಡಿಕೊಟ್ಟ ಮನೆಯಲ್ಲಿ, ನಿನ್ನ ಚಿಕ್ಕಕ್ಕ ಇಶ್ಬೆಲ್‌ಳ ಪಡುವಣ ಅರ್ಧ ಸರ್ಕಾರದ ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದೆ. ನನ್ನ ಮೂಡಣ ಅರ್ಧ ಸೇರಿಲ್ಲ. ಒಂದೇ ಸೂರು, ಒಂದೇ ಬುನಾದಿ, ಕಟ್ಟಿಸಿದ ಮುತ್ತಜ್ಜನೂ ಒಬ್ಬನೇ. ಮೂವತ್ತು ವರ್ಷ ಆ ಮನೆಗೆ ಅವಳು ಏನು ಮಾಡಿದಳು ಹೇಳು? ಏನೂ ಮಾಡಲಿಲ್ಲ. ಕಿಟಕಿ ಗಾಳಿಗೆ ಗಡಗಡ ಎಂದರೆ ಹಳೆಯ ಕಾಲುಚೀಲ ತುರುಕಿದಳು. ಸೂರು ಸೋರಿದರೆ ಬಕೆಟ್ ಇಟ್ಟಳು. ನಾನೋ, ದೊಡ್ಡ ಗಾಜಿನ ಕಿಟಕಿ ಹಾಕಿಸಿದೆ. ಗೋಡೆಯ ಹಳೆಯ ಸುಣ್ಣದ ಗಾರೆಯನ್ನೆಲ್ಲ ಕೆತ್ತಿಸಿ ಒಳಗಿನ ಕಲ್ಲು ಕಾಣುವಂತೆ ಮಾಡಿಸಿದೆ. ಅರ್ಧ ಗೋಡೆಗೆ ಉಳಿ ಹಿಡಿದವಳು ನಾನೇ. ಆಗ ಬಂದರಿನ ಬೀದಿಯವರೆಲ್ಲ ಹಾಗೆ ಮಾಡುತ್ತಿದ್ದರು. ಕಲ್ಲು ಕಂಡರೆ ಮನೆ ಹಳೆಯದೆಂದು ಜನಕ್ಕೆ ಗೊತ್ತಾಗುತ್ತದೆ ಎಂದುಕೊಂಡಿದ್ದೆವು.

ಆ ಪಟ್ಟಿ ಮಾಡಲು ಎಡಿನ್‌ಬರೋದಿಂದ ಬಂದ ಹುಡುಗಿ, ಮಿಸ್ ಲೋರಿಮರ್, ನನ್ನ ಗೋಡೆಗೆ ಅಂಗೈ ಇಟ್ಟು ನೋಡಿದಳು. "ಈ ಕಲ್ಲು ಕಾಣಲಿ ಅಂತ ಕಟ್ಟಿದ್ದಲ್ಲಮ್ಮ," ಎಂದಳು, "ಮುದುಕಪ್ಪನ ಕೋಟು ಬಿಚ್ಚಿಸಿ ಸಮುದ್ರದ ಗಾಳಿಗೆ ನಿಲ್ಲಿಸಿದ ಹಾಗಾಗಿದೆ." ಆಮೇಲೆ ಇಶ್ಬೆಲ್‌ಳ ಬಾಗಿಲಿಗೆ ಹೋದವಳು ಒಂದು ಗಂಟೆ ಹೊರಗೇ ಬರಲಿಲ್ಲ. ಕಾಲುಚೀಲ ತುರುಕಿದ ಆ ಕಿಟಕಿಯ ಚಿತ್ರ ಬರೆದುಕೊಂಡಳಂತೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತಾರಲ್ಲ, ಇಲ್ಲಿ ಸುಣ್ಣ ಉಳಿಸಿಕೊಂಡವಳೇ ಗೆದ್ದಳು.

ಅಂದಿನಿಂದ ಅವಳ ನಡಿಗೆಯೇ ಬೇರೆ. ಚರ್ಚಿನಲ್ಲಿ ಪಾದ್ರಿಗಳು ಮೊದಲು ಅವಳ ಕೈ ಕುಲುಕುತ್ತಾರೆ. ಪತ್ರಿಕೆಯವರು ಅವಳನ್ನು ಹೊರಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆದರು. ಅದರ ಅಂಚಿನಲ್ಲಿ ನನ್ನ ಮೊಣಕೈ ಇದೆ. ನಾನು ಬಾಗಿಲಿಗೆ ಕೆಂಪು ಬಣ್ಣ ತಂದಿಟ್ಟರೆ ಡಬ್ಬಿಯನ್ನು ನೋಡಿ, "ಬೇಡ ಕಣೇ ಅಕ್ಕಾ, ನನ್ನ ಮನೆ ಅಂದ ಕೆಡುತ್ತೆ," ಎಂದಳು. ನಾನು, "ನಿನ್ನ ಮನೆ ಅಂದ ಬಕೆಟ್‌ನಲ್ಲಿದೆ, ಹೋಗಿ ಚೆಲ್ಲಿ ಬಾ," ಎಂದೆ. ನನ್ನ ವಯಸ್ಸಿಗೆ ಇದು ಸಲ್ಲದೆಂದು ನನಗೂ ಗೊತ್ತು. ಆದರೆ ಅವಳ ಕಿಟಕಿ ಕಂಡಾಗಲೆಲ್ಲ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತದೆ, ಅದನ್ನು ನಿನ್ನಲ್ಲದೆ ಇನ್ನಾರ ಹತ್ತಿರ ಹೇಳಲಿ?

ಬರೀ ಹೊಟ್ಟೆಕಿಚ್ಚಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಬಂದರಿನ ತಿರುವಿನಲ್ಲಿ ರಸ್ತೆ ಅಗಲ ಮಾಡುತ್ತಾರಂತೆ. ಪಟ್ಟಿಯಲ್ಲಿರುವ ಮನೆ ಮುಟ್ಟುವುದಿಲ್ಲ. ಇಲ್ಲದ್ದನ್ನು ಬೇಸಿಗೆಯೊಳಗೆ ಕೆಡವುತ್ತಾರೆ. ತಿರುವಿನಲ್ಲಿರುವುದು ನನ್ನ ಅರ್ಧ. ನೋಟಿಸು ಬಂದಿದೆ. ನನಗೆ ಗುಡ್ಡದ ಮೇಲಿನ ಹೊಸ ಬಡಾವಣೆಯಲ್ಲಿ ಎರಡು ಕೋಣೆ ಕೊಡುತ್ತಾರೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ.

ಮಾರ್ಗರೆಟ್‌ಗೂ ಮಕ್ಕಳಿಗೂ ನನ್ನ ಮುತ್ತು. ದೇವರು ನಿಮ್ಮ ಹಟ್ಟಿಯನ್ನೂ ಒಲೆಯನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ದೊಡ್ಡಕ್ಕ,
ಫೀಮಿ

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಇಷ್ಟು. ನಿನ್ನೆ ಇಶ್ಬೆಲ್ ಒಂದು ಅರ್ಜಿ ಬರೆದುಕೊಂಡು ಬಂದಿದ್ದಳು. ಎರಡೂ ಅರ್ಧ ಸೇರಿ ಒಂದೇ ಮನೆ, ನನ್ನದನ್ನು ಕೆಡವಿದರೆ ಅವಳದ್ದೂ ನಿಲ್ಲುವುದಿಲ್ಲ, ನಾನು ಮತ್ತೆ ಸುಣ್ಣದ ಗಾರೆ ಬಳಿಸಲು ಒಪ್ಪಿದ್ದೇನೆ ಎಂದೆಲ್ಲ ಬರೆದಿದ್ದಾಳೆ. ಹೀಗೆ ಕೇಳಿದರೆ ನನ್ನ ಅರ್ಧವನ್ನೂ ಪಟ್ಟಿಗೆ ಸೇರಿಸಬಹುದು ಎಂದು ಮಿಸ್ ಲೋರಿಮರ್ ಹೇಳಿದ್ದಾಳಂತೆ. "ಒಂದು ರುಜು ಹಾಕೇ ಅಕ್ಕಾ, ನೀನು ಗುಡ್ಡ ಹತ್ತಿ ಹೋದ್ರೆ ಗೋಡೆ ಆಚೆ ನಾನು ಯಾರ ಜೊತೆ ಜಗಳ ಆಡ್ಲಿ?" ಎಂದಳು. ಅವಳ ದಯೆಯಿಂದ ನನ್ನ ಮನೆ ಉಳಿಯುವುದೇ! ಕನ್ನಡಕ ಸಿಗುತ್ತಿಲ್ಲ ಎಂದೆ. ಅದು ನನ್ನ ಮೂಗಿನ ಮೇಲೇ ಇತ್ತು, ಅವಳೂ ನೋಡಿದಳು, ಕಾಗದ ಮೇಜಿನ ಮೇಲಿಟ್ಟು ಹೋದಳು. ಅರ್ಜಿ ಕೊಡಲು ಕೊನೆಯ ದಿನ ಈ ತಿಂಗಳ ಇಪ್ಪತ್ತನಾಲ್ಕು. ಈ ಪತ್ರ ತಲುಪಿದ ತಕ್ಷಣ ನನಗೊಂದು ತಂತಿ ಕಳಿಸು, ರುಜು ಹಾಕು ಅಂತ, ಸ್ವಲ್ಪ ಗದರಿಸಿಯೇ ಕಳಿಸು. ತಮ್ಮನ ಮಾತು ಮೀರಲಾಗದೆ ಹಾಕಿದೆ ಎಂದು ಅವಳಿಗೆ ತೋರಿಸುತ್ತೇನೆ.