ಸಾವಿರದ ಮುನ್ನೂರ ಹನ್ನೆರಡನೇ ಆಕಾಶ

ಮನೆಯ ಮಹಡಿಯಿಂದ,
೧೪ನೇ ತಾರೀಖು, ಮಂಗಳವಾರ (ನಮ್ಮ ಕಸುಬಿನವರಿಗೆ ಏಳು ದಿನವೂ ಮಂಗಳನ ವಾರವೇ)

ಪ್ರೀತಿಯ ಕೊಡೆರಾಣಿ,

ಇವತ್ತು ಬೆಳಿಗ್ಗೆ ನಿಮ್ಮಮ್ಮ ಬಿದ್ದಳು. ಗಾಬರಿಯಾಗಬೇಡ ಮಗಳೇ, ನನ್ನ ಮೇಲೆ ಬಿದ್ದಳು, ಜಗಳಕ್ಕೆ. ಕೈಕಾಲು ನೆಟ್ಟಗಿವೆ, ನಾಲಿಗೆಯಂತೂ ಇನ್ನೂ ನೆಟ್ಟಗಿದೆ. ನೀನು ಹೇಗಿದ್ದೀಯ? ಆ ಪರೀಕ್ಷಾ ಮೈದಾನದ ಧೂಳಿಗೆ ಕೆಮ್ಮು ಹೆಚ್ಚಿತೇ? ಪ್ಯಾರಾಚೂಟಿನ ಹೊಲಿಗೆ ನೋಡುತ್ತ ಕೂತು ಊಟ ಮರೆಯಬೇಡ.

ಮೊನ್ನೆ ಆಫೀಸಿನ ಹಳಬರು ಸಿಕ್ಕಿದ್ದರು. ನಾನು ದಿನಾ ನೋಟಿಸ್ ಬೋರ್ಡಿನಲ್ಲಿ ಮಂಗಳನ ಹವಾಮಾನ ಬರೆದು, ‘ಇಂದು ಮೈನಸ್ ಅರವತ್ತು, ಸ್ವೆಟರ್ ಮರೆಯಬೇಡಿ’ ಎನ್ನುತ್ತಿದ್ದುದನ್ನು ನೆನೆದು ನಕ್ಕರು. ಮೂವತ್ತು ವರ್ಷ ಗಾಳಿಮಾತಿನಲ್ಲೇ ಅನ್ನ ತಿಂದವನು ನಾನು. ಯಾರೂ ಉಸಿರಾಡದ, ಯಾವ ದಿನ ಹೇಗಿರುತ್ತದೋ ಯಾರಿಗೂ ತಿಳಿಯದ ಗಾಳಿ ಅದು. ಅದಕ್ಕೇ ಕಂಪ್ಯೂಟರಿನಲ್ಲಿ ಎರಡು ಸಾವಿರ ಆಕಾಶ ಹುಟ್ಟಿಸುತ್ತಿದ್ದೆವು. ಒಂದರಲ್ಲಿ ಧೂಳು ಜಾಸ್ತಿ, ಇನ್ನೊಂದರಲ್ಲಿ ಗಾಳಿ ತೆಳು. ಪ್ರತಿಯೊಂದರಲ್ಲೂ ಮಂಗಳಕ್ಕೆ ಹೋಗುವ ನೌಕೆಯನ್ನು ಪ್ಯಾರಾಚೂಟ್ ಕಟ್ಟಿ ಇಳಿಸಿ ನೋಡುತ್ತಿದ್ದೆವು. ಶುರುವಿಗೆ ಕೊಡುವ ಅಂಕಿಯೇ ಬೀಜ. ಅದೇ ಬೀಜಕ್ಕೆ ಅದೇ ಎರಡು ಸಾವಿರ, ಬೇರೆ ಬೀಜಕ್ಕೆ ಬೇರೆ ಬೆಳೆ. ನಿನಗೇ ಪಾಠ ಹೇಳುತ್ತಿದ್ದೇನೆ ನೋಡು, ಮುದುಕನ ಚಟ.

ಹೋದ ವಾರ ಫೋನಿನಲ್ಲಿ ನೀನು, ‘ಅಪ್ಪಾ, ಎರಡು ಸಾವಿರಕ್ಕೆ ಎರಡು ಸಾವಿರವೂ ಪಾಸ್ ಅಂತ ಕೊನೇ ವರದಿಯಲ್ಲಿ ನೀವೇ ಬರೆದಿದ್ದೀರಲ್ಲ, ಆ ಧೈರ್ಯದ ಮೇಲೆ ಪ್ಯಾರಾಚೂಟ್ ಎರಡು ಅಡಿ ಚಿಕ್ಕದು ಮಾಡಿದೀನಿ’ ಅಂದೆ. ನಾನು ಏನೋ ಜೋಕು ಹೊಡೆದು ಫೋನ್ ಇಟ್ಟೆ. ಅಂದಿನಿಂದ ಗಡ್ಡ ಹೆರೆಯುವಾಗ ಕನ್ನಡಿ ನೋಡಲಾರದೆ ಕೆನ್ನೆ ಎರಡು ಕಡೆ ಕೊಯ್ದುಕೊಂಡಿದ್ದೇನೆ. ಅದನ್ನು ಕಂಡೇ ನಿಮ್ಮಮ್ಮ ಬೆಳಿಗ್ಗೆ ಬಾಯಿ ಬಿಡಿಸಿದ್ದು. ಎಲ್ಲ ಕೇಳಿ ಒಂದೇ ಮಾತು ಅಂದಳು: ‘ನೀವು ಬರೀತೀರೋ, ನಾನೇ ಬರೀಲೋ?’ ಫೋನಿನಲ್ಲಾದರೆ ನನ್ನ ಬಾಯಿ ಮತ್ತೆ ತಮಾಷೆಗೇ ಹೊರಳುತ್ತದೆ, ಅದಕ್ಕೇ ಈ ಕೊರಿಯರ್.

ನಿನ್ನ ಕೆಲಸ ಗಟ್ಟಿಯಾಗಿರಲಿ, ನಿದ್ದೆ ಅದಕ್ಕಿಂತ ಗಟ್ಟಿಯಾಗಿರಲಿ. ಜೊತೆಯ ಹೊಲಿಗೆಯವರಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ
ಅಪ್ಪ

ಮರೆತಿದ್ದೆ (ಸುಳ್ಳು, ಮರೆತಿರಲಿಲ್ಲ): ಶನಿವಾರ ಪ್ಯಾರಾಚೂಟನ್ನು ಡಬ್ಬಿಗೆ ತುಂಬಿ ಮುಚ್ಚಬೇಡ. ನಾನು ಮೊದಲು ಹಾಕಿದ್ದಂತೆ ನೀನು ಹುಟ್ಟಿದ ತಾರೀಖನ್ನೇ ಬೀಜ ಹಾಕಿ ಲೆಕ್ಕ ಓಡಿಸಿ ನೋಡು. ಸಾವಿರದ ಮುನ್ನೂರ ಹನ್ನೆರಡನೇ ಆಕಾಶದಲ್ಲಿ ಗಾಳಿ ಎಷ್ಟು ತೆಳುವೆಂದರೆ, ಹಳೆಯ ದೊಡ್ಡ ಪ್ಯಾರಾಚೂಟ್ ಕೂಡ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೌಕೆ ನೆಲಕ್ಕೆ ಅಪ್ಪಳಿಸುತ್ತದೆ. ನಾನು ಕಣ್ಣಾರೆ ಕಂಡಿದ್ದೆ. ನಿವೃತ್ತಿಗೆ ಮೂರೇ ದಿನ ಇತ್ತು. ಹೇಳಿದ್ದರೆ ಆರು ತಿಂಗಳ ಕೆಲಸ ಮತ್ತೆ ಮೊದಲಿನಿಂದ. ಬೀಜ ಬದಲಿಸಿ ನನ್ನ ಸ್ಕೂಟರ್ ನಂಬರ್ ಹಾಕಿದೆ. ಎಲ್ಲವೂ ಪಾಸಾದವು. ಇದನ್ನೂ ಹುಡುಗಾಟ ಅಂದುಕೊಳ್ಳುತ್ತೀಯೆಂದು ಪಕ್ಕದಲ್ಲಿ ನಿಮ್ಮಮ್ಮನ ಸಹಿ ಹಾಕಿಸಿದ್ದೇನೆ. ನಿನ್ನ ಮೇಲಿನವರಿಗೂ ಒಂದು ಪ್ರತಿ ಹೋಗಿದೆ. ಅಂದು ನಾನು ಆ ವರದಿ ಒಪ್ಪಿಸಿದ ಮೀಟಿಂಗಿನಲ್ಲಿ ಎದ್ದು ನಿಂತು, ‘ಒಂದಾದರೂ ಕೈಕೊಟ್ಟಿತ್ತಾ ಸಾರ್?’ ಅಂತ ಕೇಳಿದವಳು ನೀನೇ. ಎಲ್ಲರ ಮುಂದೆ ನನ್ನನ್ನು ಸಾರ್ ಅಂದಿದ್ದೆ. ನಾನು ನಿನ್ನ ಮುಖ ನೋಡಿಕೊಂಡೇ ‘ಇಲ್ಲಮ್ಮ’ ಅಂದೆ.