ದಾರದ ಆ ತುದಿ

ಬೋರ್ಡ್ ಬರೆಯುವ ಅಂಗಡಿಯ ಹಿಂದಿನ ಕೋಣೆಯಿಂದ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೋದ ಸಲದ ಕಾರ್ಡಿನಲ್ಲಿ ನೀನು ‘ಚೆನ್ನಾಗಿದ್ದೇನೆ’ ಎಂಬ ಒಂದೇ ಮಾತು ಬರೆದು, ಉಳಿದ ಜಾಗದ ತುಂಬ ನಿನ್ನ ಬಂದರಿನ ಹಡಗು ಬಿಡಿಸಿ ಕಳಿಸಿದ್ದೆ. ನಿಜವಾಗಿ ಚೆನ್ನಾಗಿರುವವರು ಅಷ್ಟು ದೊಡ್ಡ ಹಡಗು ಬಿಡಿಸುವುದಿಲ್ಲ ಎಂದು ನನಗನ್ನಿಸಿತು. ಹೊತ್ತಿಗೆ ಸರಿಯಾಗಿ ಉಣ್ಣು, ಸಮುದ್ರದ ಗಾಳಿಗೆ ಕಿವಿ ಮುಚ್ಚಿಕೋ. ಅಕ್ಕ ಶುರುಹಚ್ಚಿಕೊಂಡಳು ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ, ನಗು. ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಬೇಕರಿಯಲ್ಲಿ ಈಗ ನನ್ನನ್ನು ಕೌಂಟರಿಗೆ ಹಾಕಿದ್ದಾರೆ. ನನ್ನ ಬಾಯಿಗೆ ಹೆದರಿ ಯಾರೂ ಸಾಲು ಮುರಿದು ನುಗ್ಗುವುದಿಲ್ಲವಂತೆ, ಮಾಲೀಕರೇ ಹೇಳಿದರು.

ಇನ್ನು ಅಪ್ಪನ ವಿಷಯ. ಅವರ ಕೈ ನಡುಗುತ್ತದೆ ಎಂದು ಹಿಂದೆ ಬರೆದಿದ್ದೆ. ಅದು ವಯಸ್ಸಿನ ನಡುಕವಲ್ಲ, ಪಾರ್ಕಿನ್ಸನ್ ಎನ್ನುವ ಕಾಯಿಲೆ. ನರರೋಗದ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಮೆದುಳಿನ ಒಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಮುಟ್ಟಿಸುವ ರಸಾಯನಗಳಿವೆಯಂತೆ. ಅವುಗಳಲ್ಲಿ ಡೋಪಮೈನ್ ಎನ್ನುವುದು ಅಪ್ಪನಲ್ಲಿ ಬತ್ತುತ್ತಾ ಬಂದಿದೆ. ಕೈಕಾಲು ಹೇಳಿದ ಮಾತು ಕೇಳಲು ಅದು ಬೇಕು, ಹಿಡಿದ ಕೆಲಸದ ಮೇಲೆ ಗಮನ ನಿಲ್ಲಲು ಬೇಕು, ಬೆಳಗಾದರೆ ಏಳಬೇಕು ಅನ್ನಿಸುವುದಕ್ಕೂ ಬೇಕು. ಮನಸ್ಸು ಕುಗ್ಗದಂತೆ ನೋಡಿಕೊಳ್ಳುವುದರಲ್ಲಿ ಸಿರೊಟೋನಿನ್ ಎನ್ನುವ ಇನ್ನೊಂದರ ಪಾಲೂ ಇದೆಯಂತೆ. ಎಲ್ಲ ಕೇಳಿದ ಅಪ್ಪ ಒಂದೇ ಮಾತು ಹೇಳಿದರು, “ಅಂದ್ರೆ ಮಿಕ್ಸಿಂಗ್ ತಪ್ಪಿದೆ ಅನ್ನಿ.” ಬಣ್ಣ ಗಟ್ಟಿಯಾದರೆ ಬ್ರಷ್ ಓಡುವುದಿಲ್ಲ, ತೆಳುವಾದರೆ ಅಕ್ಷರ ಸೋರುತ್ತದೆ ಎಂದು ನಮಗೆ ಹೇಳುತ್ತಿದ್ದರಲ್ಲ, ಅದೇ ದನಿ. ಡಾಕ್ಟರಮ್ಮ ನಕ್ಕರು. ನಾನೂ ನಕ್ಕೆ, ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಆ ಡೋಪಮೈನ್ ಕೊರತೆ ತುಂಬುವ ಮಾತ್ರೆ ಶುರುವಾದ ಮೇಲೆ ಮನೆಗೆ ಜೀವ ಬಂತು. ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಹೊಲಿಗೆ ಅಂಗಡಿಯ ಹಳೆಯ ಬೋರ್ಡನ್ನು ಇಳಿಸಿ ತಂದು ಅದರ ಮೊದಲ ಎರಡು ಅಕ್ಷರಕ್ಕೆ ಹೊಸ ಬಣ್ಣ ಕೊಟ್ಟರು, ಗೆರೆ ಒಂದಿಷ್ಟೂ ಅಲುಗಿರಲಿಲ್ಲ. ಪ್ರಮಾಣ ಹೆಚ್ಚಿಸಿದ ಮೇಲೆ ಒಂದು ಸಂಜೆ ನಾನು ಕೆಲಸದಿಂದ ಬಂದಾಗ, ಬಣ್ಣದ ಡಬ್ಬಗಳ ಪಕ್ಕದ ಸ್ಟೂಲಿನ ಕಡೆ ಕೈ ತೋರಿಸಿ, “ಅವನಿಗೂ ಒಂದು ಲೋಟ ನೀರು ಕೊಡಮ್ಮ, ದೂರದಿಂದ ಬಂದಿದ್ದಾನೆ” ಎಂದರು. ಸ್ಟೂಲಿನ ಮೇಲೆ ಯಾರೂ ಇರಲಿಲ್ಲ. ಅಪ್ಪನಿಗೆ ಮಾತ್ರ ಅಲ್ಲಿ ನೀನು ಕೂತಿದ್ದೆ, ಮನೆ ಬಿಟ್ಟು ಹೋದ ದಿನದ ಆ ನೀಲಿ ಅಂಗಿಯಲ್ಲಿ.

ಹೆದರಬೇಡ, ಅವರಿಗೆ ತಲೆ ಕೆಟ್ಟಿಲ್ಲ. ಕೆಲವರಿಗೆ ಈ ಮಾತ್ರೆ ಹೀಗೆ ಇಲ್ಲದವರನ್ನು ತೋರಿಸುತ್ತದಂತೆ, ಕೆಲವರಿಗೆ ಇಲ್ಲ. ಒಂದೇ ಮಾತ್ರೆ ಎಲ್ಲರ ಮೆದುಳಲ್ಲೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ ಎಂದರು ಡಾಕ್ಟರಮ್ಮ. ಎದುರುಮನೆಯ ಡ್ರೈವರ್ ಮಾವನಿಗೂ ಇದೇ ಕಾಯಿಲೆ, ಇದೇ ಮಾತ್ರೆ. ಅವರಿಗೆ ಇವತ್ತಿನವರೆಗೂ ಒಂದು ಬೆಕ್ಕು ಕೂಡ ಕಾಣಿಸಿಕೊಂಡಿಲ್ಲ. “ನಿಮ್ಮಪ್ಪನ ಅದೃಷ್ಟ ನೋಡು, ಕೂತಲ್ಲಿಗೇ ಮಗ ಬರ್ತಾನೆ” ಎಂದು ಹೊಟ್ಟೆಕಿಚ್ಚು ಪಡುತ್ತಾರೆ. ಅವರ ಮಗ ಎರಡು ಬೀದಿ ಆಚೆಯೇ ಇದ್ದಾನೆ, ತಿಂಗಳಿಗೊಮ್ಮೆಯೂ ಈ ಕಡೆ ತಲೆ ಹಾಕುವುದಿಲ್ಲ.

ನಿನಗೆ ಗೆರೆ ಹೊಡೆಯುವ ದಾರ ನೆನಪಿರಬೇಕು. ಸುಣ್ಣದ ಪುಡಿ ಸವರಿ ಬೋರ್ಡಿನ ಆ ತುದಿಯಲ್ಲಿ ನೀನು ಹಿಡಿಯುತ್ತಿದ್ದೆ, ಈ ತುದಿಯಲ್ಲಿ ಅಪ್ಪ ಗುರುತಿನ ಮೇಲೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯಲ್ಲಿ ದಾರ ಎತ್ತಿ ಬಿಟ್ಟರೆ ಟಪ್ ಎಂದು ಗೆರೆ ಬೀಳುತ್ತಿತ್ತು. ಭೂಮಿ ಬಿರಿದರೂ ಅಪ್ಪ ಗುರುತಿನಿಂದ ಬೆರಳು ತೆಗೆಯುತ್ತಿರಲಿಲ್ಲ. ದಾರ ಕಡಿದರೆ ನಿಂತಲ್ಲಿಂದಲೇ “ದಾರ ಕಡೀತು” ಎಂದು ಕೂಗುವುದು, ನೀನು ನಿನ್ನ ತುದಿಯನ್ನು ಅವರ ಹತ್ತಿರ ತಂದು ಗಂಟು ಹಾಕುವುದು, ಅದೇ ಪದ್ಧತಿ. ನಿನ್ನ ಮನಸ್ಸು ಎತ್ತಲೋ ಹೋಗಿ ದಾರ ಸಡಿಲವಾದರೆ ಬೈಗುಳದ ಮಳೆ. ಎಲ್ಲಿತ್ತೋ ಗಮನ ಎಂದರೆ ನೀನು “ಎಲ್ಲೋ ಇತ್ತಪ್ಪ” ಎನ್ನುತ್ತಿದ್ದೆ. ಅದಕ್ಕೇ ನಿನಗೆ ಎಲ್ಲೋರಾಯ ಎಂದು ಹೆಸರಿಟ್ಟರು. ಕೊನೆಗೆ ನೀನು ಕನ್ನಡಕದ ಅಂಗಡಿಯ ಬೋರ್ಡಿನಲ್ಲಿ ಒತ್ತು ಬಿಟ್ಟು ‘ಕನಡಕ’ ಎಂದು ಬರೆದುಬಿಟ್ಟೆ. ಕನ್ನಡಕದಂಗಡಿಯವರಿಗೇ ಕಣ್ಣು ಕಾಣಿಸುವುದಿಲ್ಲ ಎಂದು ಬೀದಿಯೇ ನಕ್ಕಿತು. ಅಪ್ಪ ಏಣಿಯ ಬುಡದಲ್ಲಿ ನಿಂತು ಎಲ್ಲರೆದುರು “ನಿನ್ನ ಕೊಬ್ಬು ಇಳಿಸ್ತೀನಿ, ಇಳಿ ಕೆಳಗೆ” ಎಂದರು. ನೀನು ಇಳಿದೆ, ಮನೆಯಿಂದಲೂ ಇಳಿದು ಹೋದೆ.

ಈಗ ಅದೇ ಅಪ್ಪ ದಾರದ ಒಂದು ತುದಿಯನ್ನು ನೆಲದ ಮೇಲೆ ಸ್ಟೂಲಿನ ಕಡೆಗೆ ಎಸೆಯುತ್ತಾರೆ. ಎತ್ತಿ ಬಿಟ್ಟರೆ ಗೆರೆ ಬೀಳುವುದಿಲ್ಲ, ಸುಣ್ಣ ಮಾತ್ರ ಉದುರುತ್ತದೆ. “ಸಡಿಲ ಬಿಟ್ಟಿದ್ದಾನೆ. ಇರಲಿ, ಸುಸ್ತಾಗಿರಬೇಕು” ಎನ್ನುತ್ತಾರೆ. ತಮ್ಮಾ, ನಮ್ಮ ಅಪ್ಪನ ಬಾಯಲ್ಲಿ ಸಡಿಲ ದಾರಕ್ಕೆ ‘ಇರಲಿ’ ಎಂಬ ಮಾತು! ಅದನ್ನು ಕೇಳಬೇಕಾಗಿದ್ದ ಕಿವಿ ಈ ಮನೆಯಲ್ಲಿಲ್ಲ ಎಂದು ನನಗೆ ಸಂಕಟವಾಯಿತು. ಒಂದು ದಿನ “ಊಟ ಮಾಡಿದ್ಯೇನೋ?” ಎಂದು ಸ್ಟೂಲನ್ನು ಕೇಳಿದರು. ಪಾಪ ಅನ್ನಿಸಿ ನಾನೇ ಹ್ಞೂಂ ಎಂದುಬಿಟ್ಟೆ. ತಿರುಗಿ ನೋಡಿ, “ನೀನ್ಯಾಕಮ್ಮ ಹೇಳ್ತೀಯ? ಅವನು ಹೇಳಲಿ” ಎಂದರು. ಆ ದಿನ ನನಗೆ ಊಟ ಸೇರಲಿಲ್ಲ.

ಡಾಕ್ಟರಮ್ಮನ ಹತ್ತಿರ ನಾನು ಎಲ್ಲವನ್ನೂ ಹೇಳಿದೆ. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ನಿಧಾನವಾಗಿ, “ಅವನು ಮಾತ್ರೆಯವನು ಅಂತ ನನಗೂ ಗೊತ್ತು ಡಾಕ್ಟರಮ್ಮ. ಆದ್ರೂ ದಿನಾ ಬರ್ತಾನಲ್ಲ” ಎಂದರು. ಹೊರಡುವ ಮುಂಚೆ ಅಪ್ಪ ಇನ್ನೊಂದು ಮಾತು ಕೇಳಿದರು. “ಗಮನ ನಿಲ್ಲೋಕೂ ಅದೇ ಬೇಕು ಅಂದ್ರಲ್ಲ. ಹಾಗಾದ್ರೆ ನನ್ನ ಮಗನಿಗೆ ಚಿಕ್ಕಂದಿನಿಂದ್ಲೇ ಮಿಕ್ಸಿಂಗ್ ಬೇರೆ ಇತ್ತೇನೋ. ನಾನು ಕೊಬ್ಬು ಅಂದ್ಕೊಂಡೆ.” ಅವನನ್ನು ನೋಡದೆ ಹಾಗೆ ಹೇಳಲಾಗದು, ಗಮನ ನಿಲ್ಲದಿರುವುದಕ್ಕೆ ಕಾರಣ ಹಲವು ಎಂದರು ಡಾಕ್ಟರಮ್ಮ. ಬೈದರೆ ಅದು ಸರಿಹೋಗುವುದಿಲ್ಲ ಎಂದು ಮಾತ್ರ ಖಂಡಿತವಾಗಿ ಹೇಳಬಲ್ಲೆ ಎಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಪ್ಪ ಅಂಗಡಿಗಳ ಬೋರ್ಡು ಓದಲಿಲ್ಲ. ಅವರು ಬೋರ್ಡು ಓದದೆ ಬಂದ ಬಸ್ಸನ್ನು ನಾನು ಕಂಡದ್ದು ಅದೇ ಮೊದಲು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಹೋದ ವಾರ ನೀನು ಏಣಿ ಹತ್ತಿದ್ದೀಯ, ಅದು ಜಾರುತ್ತಿದೆ ಎಂದು ಅವರಿಗೆ ಕಂಡಿದೆ. ಏಣಿಯ ಬುಡ ಹಿಡಿಯಲು ಓಡಿದ್ದಾರೆ. ಅಲ್ಲಿ ಏಣಿ ಇರಲಿಲ್ಲ. ಗೋಡೆಗೆ ಹೋಗಿ ಬಿದ್ದು ಹಣೆ ಒಡೆದುಕೊಂಡರು, ಮಣಿಕಟ್ಟು ಉಳುಕಿತು. ಈಗ ಆರಾಮಾಗಿದ್ದಾರೆ, ಗಾಬರಿಯಾಗಬೇಡ. ಆದರೆ ಡಾಕ್ಟರಮ್ಮ ಗಟ್ಟಿಯಾಗಿ ಹೇಳಿಬಿಟ್ಟಿದ್ದಾರೆ, ನಾಳೆಯಿಂದ ಮಾತ್ರೆ ಹಂತಹಂತವಾಗಿ ಕಡಿಮೆ ಮಾಡಬೇಕು. ಕಡಿಮೆಯಾದಂತೆ ಕೈಕಾಲು ಮತ್ತೆ ಬಿಗಿಯಬಹುದು, ಸ್ಟೂಲಿನ ಮೇಲಿನವನೂ ಹೋಗಬಹುದು. ಅತ್ತ ದರಿ ಇತ್ತ ಪುಲಿ. ಹೆಚ್ಚಿಟ್ಟರೆ ಬೀಳುತ್ತಾರೆ, ತಗ್ಗಿಸಿದರೆ ನೀನು ಎರಡನೇ ಸಲ ಮನೆ ಬಿಟ್ಟು ಹೋಗುತ್ತೀಯ. ಹಾಗೆ ಕಳಿಸುವ ಕೈ ಈ ಸಲ ನನ್ನದು. ಬೆಳಗಿನ ಮಾತ್ರೆಯನ್ನು ಅರ್ಧಕ್ಕೆ ಮುರಿಯಬೇಕಾದವಳು ನಾನೇ ತಾನೆ. ಇವತ್ತು ಬೆಳಗ್ಗೆಯಿಂದ ಅಪ್ಪ ಸ್ಟೂಲಿನ ಎದುರೇ ಕೂತಿದ್ದಾರೆ. ಏನು ಮಾತಾಡುತ್ತಿದ್ದಾರೆ ಎಂದು ಕಿವಿಗೊಡಲು ನನಗೆ ಮನಸ್ಸಾಗಲಿಲ್ಲ, ಬಾಗಿಲು ಮುಂದೆ ಮಾಡಿ ಇಲ್ಲಿಗೆ ಬಂದು ಬರೆಯುತ್ತಿದ್ದೇನೆ.

ಬಾ ಎಂದು ನಾನು ಕರೆಯುತ್ತಿಲ್ಲ. ಬಿಟ್ಟು ಹೋದವನಿಗೂ ಅವನದೇ ನೋವಿರುತ್ತದೆ, ನನಗದು ಗೊತ್ತು. ಸುದ್ದಿ ತಿಳಿದಿರಲಿ ಎಂದಷ್ಟೇ ಬರೆದೆ. ಮೈ ಹುಷಾರು. ಎಲ್ಲಿದ್ದರೂ ತಣ್ಣಗಿರು.

ಇಂತಿ ನಿನ್ನ ಬಾಯಿಬಡುಕಿ
ಅಕ್ಕ

ತಾ.ಕ. ಲಕೋಟೆ ಅಂಟಿಸುತ್ತಿದ್ದಾಗ ಅಪ್ಪ ಬಂದು ನಿಂತರು. ಯಾರಿಗೆ ಎಂದು ಕೇಳಲಿಲ್ಲ. “ಬಾ ಅಂತ ಬರೀಬೇಡ. ಹಾಗೆ ಕರೆಯೋ ಮುಖ ನನಗಿಲ್ಲ. ದಾರ ಕಡೀತು ಅಂತ ಬರಿ” ಎಂದರು. ಬಾಗಿಲ ತನಕ ಹೋದವರು ಮತ್ತೆ ತಿರುಗಿ, “ಈ ಸಲ ನಾನೇ ಆ ತುದಿಗೆ ಹೋಗಬೇಕಿತ್ತು. ನಾಳೆಯಿಂದ ಕಾಲು ಮಾತು ಕೇಳಲ್ಲ. ಅದನ್ನೂ ಬರಿ” ಎಂದರು. ಬರೆದಿದ್ದೇನೆ.