ಗೋಡೆಯೊಳಗಿನ ನಾಲ್ಕು ಗಟ್ಟಿ ಜಾಗ

ಸೆಪ್ಟೆಂಬರ್ 4, ಬೆಳಿಗ್ಗೆ 7

ಗಂಟಲಿನ ಕವಾಟ ತೊಳೆದೆ. ಕಾಫಿ, ಪ್ರೆಟ್ಸೆಲ್ ಬ್ರೆಡ್ಡು. ನೆಲಮಾಳಿಗೆಗೆ ಇಳಿದು ಮಾತಿನ ಅಭ್ಯಾಸ. ಕತ್ತಿನ ತೂತಿಗೆ ಬೆರಳೊತ್ತಿ ಹತ್ತು ಸಲ "ಆ". ಬರೀ ಗಾಳಿ. ಧ್ವನಿಪೆಟ್ಟಿಗೆ ತೆಗೆದು ಕವಾಟ ಕೂರಿಸಿದ ಆಪರೇಷನ್ ಆಗಿ ಏಳು ತಿಂಗಳಾಯಿತು, ಒಂದು ಪದ ಹೊರಟಿಲ್ಲ. ಅಭ್ಯಾಸದ ವಿಷಯ ಬುರ್ಗಾಗೆ ಹೇಳಿಲ್ಲ. ಹೆಂಡತಿ ಮುಂದೆ ಹುಂಜದ ಹಾಗೆ ಕೊಕ್ಕೊಕ್ ಎನ್ನುವುದಕ್ಕೆ ನಾಚಿಕೆ.

ಶನಿವಾರದಿಂದ ತೋಟದ ಕಡೆಯ ಜಗಲಿಗೆ ಗಾಜಿನ ಮಾಡು ಹಾಕುತ್ತಾನಂತೆ ಅಳಿಯ ಟೊರ್ಬೆನ್. ಹ್ಯಾಂಬರ್ಗಿನವನು. ಇನ್ಶೂರೆನ್ಸ್ ಆಫೀಸಿನ ಕೈ. ನನ್ನನ್ನು ಒಂದು ಮಾತು ಕೇಳಲಿಲ್ಲ... ಮಾತಿಲ್ಲದವನನ್ನು ಯಾರು ಕೇಳುತ್ತಾರೆ!

ಸೆಪ್ಟೆಂಬರ್ 6

ಬಂದ. ಹತ್ತು ಸೆಂಟಿಮೀಟರಿನ ಸ್ಕ್ರೂ ತಂದಿದ್ದಾನೆ, ಮಹಾನುಭಾವ. ಈ ಗೋಡೆಗೆ ಥರ್ಮಾಕೋಲ್ ಹೊದಿಕೆಯೇ ಹದಿನಾರು! ಹದಿನಾಲ್ಕು ವರ್ಷದ ಹಿಂದೆ ನಾನೇ ಚಳಿಗೆಂದು ಇಟ್ಟಿಗೆಯ ಹೊರಗೆ ಹಲಗೆ ಹಲಗೆಯಾಗಿ ಅಂಟಿಸಿ, ಗಾರೆ ಬಳಿದೆ. ನಲವತ್ತು ವರ್ಷದ ಗಾರೆ ಕೆಲಸದಲ್ಲಿ ನನ್ನ ಕೊನೆಯ ಗೋಡೆ. ಇವನ ಸ್ಕ್ರೂ ಇಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ತೂತಿನಿಂದ ನೀರು ಇಳಿಯುತ್ತದೆ, ಗೋಡೆ ಒಳಗೇ ಕೊಳೆಯುತ್ತದೆ. ಜನವರಿಯ ಹಿಮ ಬಿದ್ದರೆ ಮಾಡು ಕೆಳಗೆ ಕೂತವರ ತಲೆಯ ಮೇಲೆ.

ಸ್ಲೇಟಿನಲ್ಲಿ ಬರೆದು ತೋರಿಸಿದೆ. ಓದಿ ಬೆನ್ನು ತಟ್ಟಿದ. "ಆಯ್ತು ಮಾವ, ನೀವು ಆರಾಮಾಗಿ ಕೂತ್ಕೊಳ್ಳಿ. ವೀಡಿಯೋ ನೋಡಿದೀನಿ."

ಬೆನ್ನು ತಟ್ಟಿದ! ನನ್ನ ಮನೆಯಲ್ಲಿ ನಾನು ಹೂಕುಂಡ.

ಸಂಜೆ

ಮೊದಲನೇ ಸ್ಕ್ರೂ ಹಾಕಿದ. ಗೋಡೆಗಲ್ಲ, ನನ್ನ ಎದೆಗೇ ಹಾಕಿದ ಹಾಗಾಯಿತು. ಹೋಗಿ ಎರಡು ಬೆರಳಲ್ಲಿ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಅವನ ಅಂಗೈಯಲ್ಲಿಟ್ಟೆ.

ಬುರ್ಗಾ ಕಿಟಕಿಯಿಂದ, "ಏನಪ್ಪಾ, ವೀಡಿಯೋದಲ್ಲೂ ಹಿಂಗೇ ಬಂತಾ?"

ಟೊರ್ಬೆನ್ ಕಿವಿ ಕೆಂಪು. ಸ್ಕ್ರೂ ಜೇಬಿಗೆ ಹಾಕಿ, ಮೆಲ್ಲಗೆ: "ಮಾವ... ಹಂಗಾದ್ರೆ ಎಲ್ಲಿ ಹಾಕ್ಲಿ?"

ಕೇಳಿದ! ಕೊನೆಗೂ ಕೇಳಿದ.

ಸೆಪ್ಟೆಂಬರ್ 7

ಎಂದಾದರೂ ಮಾಡು ಹಾಕಿಸಬೇಕಾದೀತೆಂದು ಗೋಡೆ ಹೊದಿಸುವಾಗಲೇ ಥರ್ಮಾಕೋಲಿನ ನಡುವೆ ಒತ್ತಿದ ಫೋಮಿನ ನಾಲ್ಕು ಗಟ್ಟಿ ದಿಮ್ಮಿ ಹುದುಗಿಸಿದ್ದೆ. ಭಾರ ತಡೆಯಲಿ, ಚಳಿ ಒಳಗೆ ನುಗ್ಗದಿರಲಿ ಅಂತ. ಗಾರೆಯ ಕೆಳಗೆ ಈಗ ಏನೂ ಕಾಣಿಸದು. ಏಣಿ ಹತ್ತಿ ಗೆಣ್ಣಿನಿಂದ ತಟ್ಟುತ್ತಾ ಹೋದೆ. ಬೊದ್, ಬೊದ್, ಬೊದ್... ಟಕ್! ಸೀಮೆಸುಣ್ಣದ ಗುರುತು. ಮೂರು ಸಿಕ್ಕವು. ನಾಲ್ಕನೆಯದು ಇಲ್ಲ. ಇಡೀ ಗೋಡೆ ಎರಡು ಸಲ ತಟ್ಟಿದೆ. ಇಲ್ಲ.

"ಮೂರೇ ಇತ್ತೇನೋ ಮಾವ," ಅಂದ. ಬೇಕಂತ ಅಂದದ್ದಲ್ಲ. ಆದರೂ ಚುಚ್ಚಿತು. ಗಂಟಲು ಹೋಯಿತು, ನೆನಪೂ ಹೋಯಿತೇ?

ಸೆಪ್ಟೆಂಬರ್ 8, ಬೆಳಿಗ್ಗೆ 5

ಅಯ್ಯೋ ನನ್ನ ಬುದ್ಧಿಗಿಷ್ಟು! ಗೋಡೆ ಮೇಲಿನ ಗೊರವಂಕ ಹಕ್ಕಿಯ ಗೂಡುಪೆಟ್ಟಿಗೆ! ಥರ್ಮಾಕೋಲಿನಲ್ಲಿ ಪೆಟ್ಟಿಗೆ ನಿಲ್ಲುವುದಿಲ್ಲವೆಂದು ಅದನ್ನು ನಾಲ್ಕನೇ ದಿಮ್ಮಿಗೇ ಬಿಗಿದವನು ನಾನೇ. ಕಂಕುಳಲ್ಲಿ ಕೂಸು, ಊರೆಲ್ಲಾ ಹುಡುಕಾಟ. ನೈಟ್‌ಡ್ರೆಸ್ಸಿನಲ್ಲೇ ಏಣಿ ಹತ್ತಿದೆ. ಗೂಡು ಖಾಲಿ, ಮರಿಗಳು ಹಾರಿ ಎಷ್ಟು ಕಾಲವಾಯಿತು. ಬಿಚ್ಚಿ ತಟ್ಟಿದೆ—ಟಕ್.

ಸೆಪ್ಟೆಂಬರ್ 13

ಟೊರ್ಬೆನ್ ಉದ್ದದ ಸರಳು ತಂದ. ಗುರುತಿನ ಮೇಲೆ ಕೊರೆದ. ಮೊದಲು ಬಿಳಿ ಹುಡಿ, ಆಮೇಲೆ ಕೆಂಪು. ಇಟ್ಟಿಗೆ! ಒಳಗೆ ಅಂಟು ತುಂಬಿ ಸರಳು ನಿಲ್ಲಿಸಿದೆವು. ತೂತಿನ ಸುತ್ತ ನೀರು ಹೋಗದ ಹಾಗೆ ನಾನೇ ಮುಚ್ಚಿದೆ. ಒಂದು ಕಡೆ ಅವನ ಕೈ ಓರೆಯಾಯಿತು. ತಾನೇ ನೋಡಿ ತಿದ್ದಿಕೊಂಡ. ನಾನು ಬೈಯಲಿಲ್ಲ. ನಮ್ಮ ಶ್ವಾಬಿಯಾ ಸೀಮೆಯಲ್ಲಿ ಬೈಯದಿದ್ದರೆ ಅದೇ ಹೊಗಳಿಕೆ. ಹ್ಯಾಂಬರ್ಗಿನವನಿಗೆ ಗೊತ್ತಾಯಿತೋ ಇಲ್ಲವೋ.

ನೆಲಮಾಳಿಗೆಯಲ್ಲಿ ಇವತ್ತು ಗಾಳಿಯ ಜೊತೆ ಏನೋ ಬಂತು. ಡ್ರಮ್ಮಿಗೆ ಜಲ್ಲಿ ಸುರಿದಂಥ ಸದ್ದು. ಆದರೂ ಸದ್ದು!

ಸೆಪ್ಟೆಂಬರ್ 20

ತೊಲೆ ಏರಿತು. ನಾಲ್ಕು ಸರಳೂ ಕಚ್ಚಿ ಹಿಡಿದಿವೆ. ಟೊರ್ಬೆನ್ ತೊಲೆಗೆ ಜೋತುಬಿದ್ದ—ತೊಂಬತ್ತೆಂಟು ಕಿಲೋ. ಕೂದಲೆಳೆಯಷ್ಟೂ ಅಲುಗಲಿಲ್ಲ. "ಮಾವಾ! ನಿಮ್ ಗೋಡೆ ನನ್ನನ್ನೇ ಎತ್ಕೊಂಡಿದೆ!"

ಬುರ್ಗಾ ಬಣ್ಣದ ರಿಬ್ಬನ್ ಕಟ್ಟಿದ ಹಸಿರು ಮಾಲೆ ತೂಗಿಹಾಕಿದಳು. ನಮ್ಮ ಕಡೆ ಮಾಡಿನ ಚೌಕಟ್ಟು ನಿಂತ ದಿನ ಕೆಲಸಗಾರ ಮೇಲೆ ನಿಂತು ಎರಡು ಮಾತು ಹೇಳಬೇಕು, ಕುಡಿದು ಲೋಟ ಒಡೆಯಬೇಕು. ಲೋಟ ಒಡೆಯದಿದ್ದರೆ ಅಪಶಕುನ.

"ನಾನೇ ಹೇಳ್ಬಿಡ್ತೀನಿ. ಮಾವಂಗ್ಯಾಕೆ ತೊಂದ್ರೆ," ಅಂದ.

ಅವನ ಕೈಯಿಂದ ಲೋಟ ಕಿತ್ತುಕೊಂಡೆ. ಏಣಿ ಹತ್ತಿದೆ. ಕತ್ತಿಗೆ ಬೆರಳೊತ್ತಿದೆ.

"ಈ ಗೋಡೆ... ನಂದು. ಹಿಡಿಯತ್ತೆ."

ಜಲ್ಲಿಯ ದನಿ. ನನ್ನ ದನಿ. ಸೇಬಿನ ಹುಳಿಮದ್ಯ ಗುಟುಕರಿಸಿ ಲೋಟ ಬೀಸಿದೆ. ಜಗಲಿಯ ಕಲ್ಲಿನ ಮೇಲೆ ಚೂರು ಚೂರು!

ಬುರ್ಗಾ ಅಳುತ್ತಾ ಅಳುತ್ತಾ ಬೈದಳು. "ಏಳು ತಿಂಗ್ಳಾದ್ಮೇಲೆ ಬಾಯಿ ಬಿಟ್ಟೆ. ಅದೂ ಗೋಡೆ ಬಗ್ಗೆ! ನನ್ ಹೆಸ್ರು ಹೇಳೋಕೇನಾಗಿತ್ತೋ ದರಿದ್ರದವನೇ?"

ಹೇಳಿದೆ. ಅದನ್ನೂ ಹೇಳಿದೆ. ಮೂರು ಸಲ ಹೇಳಿಸಿಕೊಂಡಳು.

ಸೆಪ್ಟೆಂಬರ್ 21, ಬೆಳಿಗ್ಗೆ

ಗಾಜು ಕೂರಿಸುವ ದಿನ. ಟೊರ್ಬೆನ್ ಜಗಲಿಯಿಂದ ಕೂಗುತ್ತಿದ್ದಾನೆ: "ಮಾವ, ಬರೆಯೋದು ಬಿಟ್ಟು ಬಾಯಲ್ಲಿ ಹೇಳಿ! ಯಾವ ಕಡೆಯಿಂದ ಶುರು?" ಎಡಗಡೆಯಿಂದ ಕಣೋ, ಎಡಗಡೆ... ಅಯ್ಯೋ, ಇದನ್ನೇಕೆ ಇಲ್ಲಿ ಬರೆಯುತ್ತಾ ಕೂತಿದ್ದೇ—